ಅಕ್ಕನಿಗೊಂದು ಓದುವ ಯಂತ್ರ

ಆನಂದತೀರ್ಥರಾಯರ ತುಟಿಗಳು ಸುಮ್ಮನಿದ್ದುದನ್ನು ವಾಡಿ ಜಂಕ್ಷನ್ನಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಮೊಳಕೈ ಸವೆದು ಬೆಳ್ಳಗಾದ ಕರಿಕೋಟಿನಲ್ಲಿ ಗೇಟಿನ ಬಳಿ ನಿಂತು, ರೈಲಿನಿಂದಿಳಿದವರ ಟಿಕೇಟುಗಳನ್ನು ಒಂದೊಂದಾಗಿ ಇಸಿದುಕೊಳ್ಳುತ್ತ, ಹೊರಟ ಊರು, ಮುಟ್ಟಿದ ಊರು, ತಾರೀಖು, ಕಡೆಗೆ ಅಂಚಿನಲ್ಲಿ ಇರುವೆಯ ಕಾಲಿನಷ್ಟು ಸಣ್ಣಗೆ ಅಚ್ಚಾದ ಸಂಖ್ಯೆಯನ್ನೂ ಬಿಡದೆ ಅವರು ತಗ್ಗಿದ ದನಿಯಲ್ಲಿ ಓದಿಕೊಳ್ಳುತ್ತಿದ್ದರು. ಹಿಂದೆ ನೂರು ಜನರ ಸಾಲು ನಿಂತಿರಲಿ, ಸಿಮೆಂಟಿನ ಧೂಳು ಕಣ್ಣಿಗೆ ಬೀಳಲಿ, ಆ ಓದಿನ ಗತಿ ಬದಲಾಗುತ್ತಿರಲಿಲ್ಲ. ಹಣೆಯ ಅಂಗಾರ ಅಕ್ಷತೆಯನ್ನೂ ಅಲ್ಲಾಡುವ ತುಟಿಗಳನ್ನೂ ಒಟ್ಟಿಗೆ ಕಂಡ ಹೊಸಬರು, ಕೆಲಸದ ನಡುವೆಯೂ ಜಪ ಬಿಡದ ನಿಷ್ಠರೆಂದು ತಿಳಿದು ಸಣ್ಣಗೆ ಕೈಮುಗಿದು ಹೋಗುವುದೂ ಇತ್ತು.

ಸೇಡಂದಿಂದ ಶಹಾಬಾದದ ಕಾಲೇಜಿಗೆ ಪಾಠ ಹೇಳಲು ನಾನು ದಿನವೂ ಹೋಗಿಬರುತ್ತಿದ್ದ ವರ್ಷಗಳಲ್ಲಿ ರಾಯರು ನನ್ನ ಸಹಪ್ರಯಾಣಿಕರು. ಬೆಳಗಿನ ಪ್ಯಾಸೆಂಜರಿನಲ್ಲಿ ಕಿಟಕಿಯ ಪಕ್ಕ ಕುಳಿತರೆಂದರೆ, ಮಳಖೇಡ ರೋಡ್ ಎಂಬ ಹಳದಿ ಫಲಕವನ್ನು ಮೂರು ಭಾಷೆಗಳಲ್ಲೂ ಓದಿ, ಅದರ ಕೆಳಗಿನ ಸಮುದ್ರಮಟ್ಟದ ಎತ್ತರವನ್ನೂ ಓದಿ ಮುಗಿಸದೆ ಮಾತಿಗೆ ಬರುತ್ತಿರಲಿಲ್ಲ. ದಿನಾ ನೋಡುವ ಫಲಕವನ್ನು ದಿನಾ ಓದುವುದೇಕೆಂದು ಒಮ್ಮೆ ಕೇಳಿದೆ. "ಬರದವ್ರು ಸುಮ್ಮನ ಬರದಿರಂಗಿಲ್ರಿ. ಓದದೇ ಹೋದ್ರ ಅವರಿಗೆ ಅಪಮಾನ ಮಾಡಿದಂಗ," ಎಂದರು. ಅದರಲ್ಲಿ ವಿನೋದದ ಲೇಶವೂ ಇರಲಿಲ್ಲ.

ಈ ಗಟ್ಟಿ ಓದನ್ನು ಕಲಿಸಿದವಳು ಅವರ ಅಕ್ಕ, ನರ್ಮದಾಬಾಯಿ. ರಾಯರಿಗಿಂತ ಹನ್ನೆರಡು ವರ್ಷ ಹಿರಿಯಳು. ತಾಯಿ ತೀರಿಕೊಂಡಾಗ ನಾಲ್ಕು ವರ್ಷದವನಾಗಿದ್ದ ತಮ್ಮನನ್ನು ಸೊಂಟದ ಮೇಲಿಂದ ಇಳಿಸದೆ ಬೆಳೆಸಿದವಳು. ಮದುವೆಯ ಮಾತು ಬಂದಾಗಲೆಲ್ಲ "ಆನಂದನ ಮ್ಯಾಟ್ರಿಕ್ ಆಗಲಿ," "ಆನಂದನ ನೌಕರಿ ಆಗಲಿ" ಎಂದು ಮುಂದೂಡುತ್ತ, ಕಡೆಗೊಂದು ದಿನ ಆ ಮಾತೇ ಬರದಂತಾದಾಗ ನಿರಾಳವಾಗಿ ನಕ್ಕವಳು. ಚಿಂಚೋಳಿಯ ಕನ್ಯಾಶಾಲೆಯಲ್ಲಿ ಹತ್ತು ವರ್ಷ, ಸೇಡಂದಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದಳು. ತಾನು ಚಪಾತಿ ಲಟ್ಟಿಸುತ್ತಿದ್ದಾಗ ತಮ್ಮ ಎದುರಿಗೆ ಕುಳಿತು ಪಾಠ ಓದಬೇಕು, ಅದೂ ಗಟ್ಟಿಯಾಗಿ. "ಮನಸಿನ್ಯಾಗ ಓದಿದ್ರ ನೀ ಎಲ್ಲಿ ತಪ್ಪಿದಿ ಅಂತ ನನಗ ಹ್ಯಾಂಗ ತಿಳೀಬೇಕು?" ಎಂಬುದು ಆಕೆಯ ತರ್ಕ. ತಪ್ಪು ಹಿಡಿಯುವವಳು ಎದುರಿಗಿಲ್ಲದ ಪ್ಲಾಟ್‌ಫಾರ್ಮಿನಲ್ಲೂ ಆ ತಮ್ಮ ಐವತ್ತು ದಾಟುವ ತನಕ ಹಾಗೆಯೇ ಓದಿದ.

ನಿವೃತ್ತಿಯಾದ ಮೇಲೆ ಬೇಕಾದಷ್ಟು ಓದಬೇಕೆಂದು ಪುಸ್ತಕಗಳನ್ನು ಕೂಡಿಟ್ಟಿದ್ದ ನರ್ಮದಾಬಾಯಿಗೆ ಆ ಭಾಗ್ಯ ಎರಡು ವರ್ಷಕ್ಕಿಂತ ಹೆಚ್ಚು ಉಳಿಯಲಿಲ್ಲ. ಸಾಲಿನ ಎರಡು ತುದಿಗಳು ಮಸುಕಾಗುತ್ತಿವೆ ಎಂದಳು, ಚಷ್ಮಾ ಬದಲಾಯಿಸಿದರು. ಮತ್ತೆ ಮಸುಕೆಂದಳು, ಮತ್ತೆ ಬದಲಾಯಿಸಿದರು. ಸೊಲ್ಲಾಪುರದ ದವಾಖಾನೆಯಲ್ಲಿ ಕಣ್ಣೊಳಗಿನ ಒತ್ತಡವನ್ನು ಅಳೆದ ಡಾಕ್ಟರು, ನರ ಬಾಡಿಹೋಗಿದೆ, ಎರಡು ವರ್ಷ ಮೊದಲೇ ಬರಬೇಕಿತ್ತು ಎಂದರು. ಎರಡು ಸಾವಿರದ ಎರಡನೆಯ ಇಸವಿಯ ದಸರೆಯ ಹೊತ್ತಿಗೆ ಆಕೆಗೆ ಕತ್ತಲೆ ಬೆಳಕುಗಳ ಭೇದವಷ್ಟೇ ಉಳಿದಿತ್ತು.

ಅಂದಿನಿಂದ ರಾಯರ ಮನೆಯಲ್ಲಿ ಸಂಜೆಯ ಓದು ಆರಂಭವಾಯಿತು. ವಾಡಿಯಿಂದ ಮರಳಿ, ಕೈಕಾಲು ತೊಳೆದು, ಕೋಟನ್ನು ಗೂಟಕ್ಕೆ ಸಿಗಿಸಿ ಏಳಕ್ಕೆ ಕುಳಿತರೆ, ಪದ್ಮಜಾಬಾಯಿ ಊಟಕ್ಕೆ ಕರೆಯುವ ತನಕ ಅವರು ಅಕ್ಕನಿಗೆ ಓದಿ ಹೇಳುವರು. ಪದ್ಮಜಾಬಾಯಿ ರಾಯರ ಪತ್ನಿ. ಒಳಗೆ ಒಗ್ಗರಣೆ ಹಾಕುವಾಗಲೂ ಕಥೆಯ ಎಳೆ ತಪ್ಪದಂತೆ ಕಿವಿಯನ್ನು ಪಡಸಾಲೆಯಲ್ಲೇ ಬಿಟ್ಟಿರುತ್ತಿದ್ದರು. ಶಹಾಬಾದಿ ಕಲ್ಲಿನ ತಂಪು ನೆಲದ ಮೇಲೆ ಗೋಡೆಗೆ ಒರಗಿ ನರ್ಮದಾಬಾಯಿ ಕಣ್ಣು ಮುಚ್ಚಿ ಕುಳಿತಿರುವಳು. ಕಾಣದ ಕಣ್ಣನ್ನು ಮುಚ್ಚುವುದೇಕೆಂದರೆ, ತೆರೆದಿದ್ದರೆ ಅದು ನೋಡಲು ಹೆಣಗುತ್ತದೆ, ಕಿವಿಗೆ ಅಡ್ಡಿ ಎನ್ನುವಳು. ಶಕಾರ ಷಕಾರ ಒಂದಾದರೆ ಬೆರಳೆತ್ತುವಳು. ಹಿಡಿಸಿದ ಸಾಲನ್ನು ಎರಡನೆಯ ಸಲ ಓದಿಸುವಳು. ಪಾತ್ರವೊಂದು ಮೂರ್ಖತನಕ್ಕೆ ಕೈಹಾಕಿದರೆ, "ಬ್ಯಾಡೋ, ಹೋಗಬ್ಯಾಡೋ," ಎಂದು ಅದನ್ನೇ ತಡೆಯುವಳು. ಮೂರು ವರ್ಷ ಹೀಗೆ ನಡೆಯಿತು. ತನ್ನ ದಿನದ ಅತ್ಯಂತ ಹಗುರವಾದ ಹೊತ್ತು ಅದಾಗಿತ್ತೆಂದು ರಾಯರು ಮುಂದೆ ನನ್ನ ಬಳಿ ಹೇಳಿದರು. ಆದರೆ ಆ ಮಾತನ್ನು ಆಗ ಅವರು ಅಕ್ಕನಿಗೆ ಹೇಳಿರಲಿಲ್ಲ. ಹೇಳಬೇಕಾದ ಮಾತೆಂದು ಅವರಿಗೆ ಹೊಳೆದಿರಲೂ ಇಲ್ಲ.

ಎರಡು ಸಾವಿರದ ಐದರ ಶ್ರಾವಣದಲ್ಲಿ ಒಂದು ದಿನ, ಅಕ್ಕ ಪದ್ಮಜಾಬಾಯಿಯೊಡನೆ ಹೇಳುತ್ತಿದ್ದ ಮಾತು ರಾಯರ ಕಿವಿಗೆ ಬಿತ್ತು. "ಹಗಲು ಭಾಳ ಉದ್ದ ಆಗ್ಯದವ್ವಾ." ಅಷ್ಟೇ. ಆದರೆ ಅದು ಅವರನ್ನು ಬಿಡಲಿಲ್ಲ. ತಾನು ಹಗಲೆಲ್ಲ ವಾಡಿಯಲ್ಲಿ. ಅಕ್ಕ ಹಗಲೆಲ್ಲ ಸಂಜೆಯ ದಾರಿ ಕಾಯುತ್ತ ಗೋಡೆಗೆ ಒರಗಿ. ಇದಕ್ಕೇನಾದರೂ ಮಾಡಬೇಕೆಂದು ಅವರು ಹೈದರಾಬಾದಿನ ಶ್ರೀವಾಣಿಗೆ ಪತ್ರ ಬರೆದರು. ಶ್ರೀವಾಣಿ ಚಿಂಚೋಳಿಯ ಶಾಲೆಯಲ್ಲಿ ನರ್ಮದಾಬಾಯಿಯ ವಿದ್ಯಾರ್ಥಿನಿ. ಈಗ ಅಂಧರ ಸಂಸ್ಥೆಯೊಂದರಲ್ಲಿ ಶಿಕ್ಷಕಿ. ಹದಿನೈದು ದಿನಕ್ಕೆ ಉತ್ತರ ಬಂತು, ಜೊತೆಗೆ ಮೂರು ಸಿ.ಡಿ.ಗಳು. ಒಂದರಲ್ಲಿ ಕಂಪ್ಯೂಟರು ನಡೆಯಲು ಬೇಕಾದ ಉಚಿತ ವ್ಯವಸ್ಥೆ. ಎರಡನೆಯದರಲ್ಲಿ ಕನ್ನಡ ಅಕ್ಷರಗಳನ್ನು ಕಂಡು ದನಿ ಮಾಡಿ ಓದುವ ತಂತ್ರಾಂಶ. ಮೂರನೆಯದರಲ್ಲಿ ಸಂಸ್ಥೆಯವರು ಬೆರಳಚ್ಚು ಮಾಡಿಸಿದ ನಲವತ್ತು ಪುಸ್ತಕಗಳು. ಯಾವ ಆಜ್ಞೆಯನ್ನು ಎಲ್ಲಿ ಬೆರಳಚ್ಚಿಸಬೇಕೆಂದು ಒಂದು ಹಾಳೆಯಲ್ಲಿ ಬರೆದು, ಕೊನೆಗೆ, "ನಮ್ಮಲ್ಲಿ ಇದನ್ನು ಕೂಡಿಸಿದವರು ಬೇರೆ ಊರಿಗೆ ಹೋಗಿದ್ದಾರೆ. ನನಗೆ ಇಷ್ಟೇ ಗೊತ್ತು," ಎಂದು ತಪ್ಪೊಪ್ಪಿಕೊಂಡಿದ್ದಳು.

ಕಂಪ್ಯೂಟರು ಶಹಾಬಾದದಿಂದ ಬಂತು. ಅಲ್ಲಿ ಮುದ್ರಣಾಲಯ ನಡೆಸಿ ಮುಚ್ಚಿದ್ದ ದೇವೀಂದ್ರಪ್ಪನವರು ಮೂಲೆಯಲ್ಲಿ ಕಲ್ಲುಧೂಳು ತಿನ್ನುತ್ತಿದ್ದ ಯಂತ್ರವನ್ನು ಒರೆಸಿಕೊಟ್ಟು, "ಒಯ್ರಿ ರಾಯರ, ನಮ್ಮ ಕಡಿ ಹೆಣ್ಮಕ್ಕಳಿಗೆ ಅಕ್ಷರ ಕಲಿಸಿದ ಬಾಯಿ ಅದಾರ," ಎಂದರು. ಐವತ್ತೆರಡರ ರಾಯರು ಅಲ್ಲಿಯವರೆಗೆ ಕೀಲಿಮಣೆಯನ್ನು ಮುಟ್ಟಿದವರಲ್ಲ. ಸ್ಟೇಷನ್ನಿನ ರಿಸರ್ವೇಶನ್ ಕಿಂಡಿಯಾಚೆ ಕಂಪ್ಯೂಟರನ್ನು ಕಂಡಿದ್ದರು. ಗೇಟಿನವರಿಗೂ ಅದಕ್ಕೂ ಏನು ಸಂಬಂಧ?

ಮೊದಲ ಸಿ.ಡಿ. ಸಲೀಸಾಗಿ ಇಳಿಯಿತು. ಎರಡನೆಯದರಲ್ಲಿ ತೊಡಕು. ಚಿತ್ರದ ಮೇಲೆ ಬಾಣ ಒತ್ತುವ ಸುಖ ಇಲ್ಲಿರಲಿಲ್ಲ; ಕರಿಯ ಕಿಟಕಿಯೊಂದನ್ನು ತೆರೆದು, ಅದರಲ್ಲಿ ಮಿಣುಕುವ ಗೆರೆಯೆದುರು ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಒತ್ತಬೇಕು. ಸಣ್ಣಕ್ಷರ ದೊಡ್ಡದಾದರೆ ಅದಕ್ಕೆ ತಿಳಿಯದು, ಖಾಲಿ ಜಾಗ ಒಂದು ತಪ್ಪಿದರೆ ತಿಳಿಯದು. ಇಂಥ ಕೆಲಸಕ್ಕೆ ರಾಯರಂಥವರು ಹೇಳಿ ಮಾಡಿಸಿದವರು. ಒಂದೊಂದು ಕೀಲಿಯನ್ನೂ ಬಾಯಲ್ಲಿ ಹೇಳಿ ಒತ್ತಿದರು: "ಆರ್. ಪಿ. ಎಂ. ಜಾಗ. ಅಡ್ಡಗೆರಿ. ಐ." ಯಂತ್ರ ಕ್ಷಣಕಾಲ ಯೋಚಿಸಿ ಇಂಗ್ಲಿಷಿನಲ್ಲಿ ಒಂದು ಸಾಲನ್ನು ಹೊರಹಾಕಿತು. ಅದರ ಒಟ್ಟು ಅಭಿಪ್ರಾಯ, ಇದಕ್ಕೆ ಆಧಾರವಾದ ಇಂಥ ಹೆಸರಿನ ಕಡತ ನನ್ನಲ್ಲಿಲ್ಲ, ಅದನ್ನು ಮೊದಲು ತಾ, ಎಂದು. ರಾಯರು ಆ ಸಾಲನ್ನು ಗೆರೆಹಾಕಿದ ವಹಿಯಲ್ಲಿ ಚುಕ್ಕೆ ತಪ್ಪದಂತೆ ಇಳಿಸಿಕೊಂಡರು.

ಮನೆಯಲ್ಲಿ ಇಂಟರ್‌ನೆಟ್ ಇರಲಿಲ್ಲ. ವಾಡಿಯಿಂದ ಸೇಡಂಗೆ ಬರುವ ದಾರಿಯಲ್ಲಿ ಚಿತಾಪುರದಲ್ಲಿ ಇಳಿದರೆ, ಅಲ್ಲಿ ರಶೀದಾಬೇಗಂ ಎಂಬಾಕೆ ಟೈಪಿಂಗ್ ಕಲಿಸುವ ಸಣ್ಣ ಕೇಂದ್ರ ನಡೆಸುತ್ತಿದ್ದರು. ಟೆಲಿಫೋನ್ ತಂತಿಯ ಮೇಲೆ ಬರುವ ಇಂಟರ್‌ನೆಟ್ಟೂ ಅವರಲ್ಲಿತ್ತು. ಮರುದಿನ ಸಂಜೆ ರಾಯರು ವಹಿ ಹಿಡಿದು ಅಲ್ಲಿಗೆ ಹೋದರು. ಬೇಗಂ ಆ ಸಾಲನ್ನು ಓದಿ, ಎಷ್ಟೋ ಹೊತ್ತು ಹುಡುಕಿ, "ಇದಕ್ಕ ಡಿಪೆಂಡೆನ್ಸಿ ಅಂತಾರಂತ ರಾಯರ. ಒಂದರ ಹೆಗಲ ಮ್ಯಾಲ ಒಂದು ನಿಂತಿರ್ತದ. ಕೆಳಗಿಂದು ಇಲ್ಲಂದ್ರ ಮ್ಯಾಲಿಂದು ನಿಲ್ಲಂಗಿಲ್ಲ. ನನಗೂ ಇದು ಹೊಸದೇ ಅದ, ನೋಡೂಣು ಕುಂದ್ರಿ," ಎಂದರು. ಆ ಕಡತ ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಎರಡು ಸಲ ತಂತಿ ಕಡಿದು ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಸೇಡಂದ ಗಾಡಿ ಹೋಗಿತ್ತು. ಕಡತವನ್ನು ಸಿ.ಡಿ.ಗೆ ಹಾಕಿಸಿಕೊಂಡು, ಬಸ್ಸು ಹಿಡಿದು ಮನೆಗೆ ಬಂದಾಗ ಪದ್ಮಜಾಬಾಯಿ ತಾಟು ಹಾಕುತ್ತಿದ್ದರು. ಓದಿನ ಹೊತ್ತು ಮುಗಿದಿತ್ತು.

"ಇವತ್ತೊಂದಿನ ಅಕ್ಕಾ," ಎಂದರು ರಾಯರು.

"ಇರಲಿ ತಗೋ. ಕಾಲು ತೊಳ್ಕೊಂಡು ಬಾ," ಎಂದಳು ಅಕ್ಕ.

ತಂದ ಕಡತವನ್ನು ಕೂಡಿಸಹೋದರೆ ಅದು ತನಗೆ ಬೇರೆ ಮೂರು ಬೇಕೆಂದಿತು. ಆ ಮೂರನ್ನು ತರಲು ಒಂದು ವಾರ ಹಿಡಿಯಿತು. ಅವುಗಳಲ್ಲಿ ಒಂದು ಕೂತಿತು, ಎರಡನೆಯದು ತಾನು ಬೇರೊಂದು ವ್ಯವಸ್ಥೆಗಾಗಿ ಮಾಡಿದ್ದೆಂದು ಮುಖ ತಿರುವಿತು, ಮೂರನೆಯದು ಮತ್ತೆ ಎರಡನ್ನು ಕೇಳಿತು. ವಹಿಯ ಪುಟಗಳು ತುಂಬಿದವು. ರಾಯರು ವಂಶವೃಕ್ಷದಂತೆ ಒಂದು ಚಿತ್ರ ಬರೆದು, ಬಂದವಕ್ಕೆ ಕೆಂಪು ಮಸಿಯಲ್ಲಿ ಗುರುತು ಹಾಕತೊಡಗಿದರು. ಗುರುತು ಒಂದು ಹೆಚ್ಚಿದರೆ ಕೊಂಬೆ ಎರಡು ಹೆಚ್ಚುತ್ತಿದ್ದವು. ರೈಲಿನಲ್ಲಿ ನನ್ನೆದುರು ಆ ವಹಿಯನ್ನು ಬಿಡಿಸಿ, "ಇನ್ನ ಆರು ಉಳದಾವ ನೋಡ್ರಿ. ಆರು ಅಂದ್ರ ಏನು ದೊಡ್ಡದು?" ಎಂದಾಗ ಆ ಕಣ್ಣುಗಳಲ್ಲಿದ್ದ ಹೊಳಪು ನನಗಿನ್ನೂ ನೆನಪಿದೆ. ಮಳಖೇಡದ ಫಲಕ ಹಿಂದೆ ಸರಿದುಹೋಯಿತು; ಅವರು ಅದನ್ನು ನೋಡಲಿಲ್ಲ. ನಾನೂ ಅದನ್ನು ಒಳ್ಳೆಯ ಲಕ್ಷಣವೆಂದೇ ಬಗೆದೆ. ಪುಸ್ತಕ ತಿಳಿದವನೆನಿಸಿಕೊಂಡ ನಾನಾದರೂ, ಈಗ ಅಕ್ಕನಿಗೆ ಓದುವವರು ಯಾರು ಎಂದು ಒಂದು ಮಾತು ಕೇಳಲಿಲ್ಲ.

ಇವತ್ತೊಂದಿನ ಎಂದದ್ದು ವಾರವಾಯಿತು, ವಾರ ತಿಂಗಳಾಯಿತು. ಅರ್ಧಕ್ಕೆ ನಿಂತಿದ್ದ ದಪ್ಪ ಕಾದಂಬರಿಯೊಂದು ಗೋಡೆಯ ಮಾಡದಲ್ಲಿ ಹಾಗೆಯೇ ಉಳಿಯಿತು. ಅದರ ನಾಯಕಿ ಗಂಡನ ಮನೆ ಬಿಟ್ಟು ಬಂಡಿ ಏರಿದ್ದಳು. ಎಲ್ಲಿಗೆ ಹೋದಳೆಂದು ನರ್ಮದಾಬಾಯಿಗೆ ತಿಳಿಯಬೇಕಿತ್ತು. ಕಾರ್ತೀಕದ ಒಂದು ಸಂಜೆ ಆಕೆ ಮೆಲ್ಲಗೆ ಕೇಳಿದಳು: "ಆನಂದಾ, ಇವತ್ತು ಒಂದೆರಡು ಪುಟ ಓದ್ತೀ ಏನು?"

"ಅಕ್ಕಾ, ಇನ್ನ ನಾಕು ದಿನ ತಡಿ. ಆಮ್ಯಾಲ ಅದು ಹಗಲೆಲ್ಲ ಓದ್ತದ. ನೀ ಸಾಕು ಅಂದ್ರೂ ನಿಲ್ಲಂಗಿಲ್ಲ."

ಅಕ್ಕ ಮತ್ತೆ ಕೇಳಲಿಲ್ಲ. ಅಡುಗೆಮನೆಯಿಂದ ಪದ್ಮಜಾಬಾಯಿ ಹೊರಬಂದು, "ಏನ್ರಿ, ಊಟದ ತನಕಾ ಸುಮ್ಮನ ಕುಂತಿರ್ತಾರ. ಹತ್ತು ನಿಮಿಷ ಓದಿದ್ರ ಏನಾಗ್ತದ?" ಎಂದರು.

"ಹತ್ತು ನಿಮಿಷ ಎದ್ರ ಎಲ್ಲಿದ್ದೆ ಅಂತ ಮರೀತದ ಪದ್ಮಾ. ಆಕೀಗಾಗೇ ಮಾಡ್ಲಿಕತ್ತೀನಲ್ಲ?"

ಅದು ನಿಜವೂ ಆಗಿತ್ತು. ಸುಳ್ಳಾಗಿದ್ದರೆ ಪದ್ಮಜಾಬಾಯಿ ಉತ್ತರ ಕೊಡುತ್ತಿದ್ದರು.

ಹೀಗಾಗಿ ಆ ಮನೆಯ ಪಡಸಾಲೆಯಲ್ಲಿ ಸಂಜೆಯ ದನಿ ನಿಲ್ಲಲಿಲ್ಲ, ಅದರ ವಿಷಯ ಮಾತ್ರ ಬದಲಾಯಿತು. ಕಾದಂಬರಿಯ ಜಾಗದಲ್ಲಿ ಕೀಲಿಗಳ ಹೆಸರು. ಪಾತ್ರಗಳ ಜಾಗದಲ್ಲಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಮಾಲೆ, ನಡುನಡುವೆ ಚುಕ್ಕೆ, ಅಂಕೆ, ಅಡ್ಡಗೆರೆ. ನರ್ಮದಾಬಾಯಿ ಅದೇ ಗೋಡೆಗೆ ಒರಗಿ, ಅದೇ ಬಗೆಯಲ್ಲಿ ಕಣ್ಣು ಮುಚ್ಚಿ ಕುಳಿತಿರುತ್ತಿದ್ದಳು. ನಿದ್ದೆಯೆಂದು ರಾಯರು ತಿಳಿದರು.

ಮಾರ್ಗಶಿರದಲ್ಲಿ ಒಂದು ಅನಾಹುತವಾಯಿತು. ಉಳಿದ ಎರಡು ಕಡತಗಳು ಎಲ್ಲಿಯೂ ಸಿಗದೆ, ರಶೀದಾಬೇಗಂ ಯಾವುದೋ ಚರ್ಚೆಯ ಪುಟದಲ್ಲಿ ಒಂದು ಅಡ್ಡದಾರಿ ಕಂಡರು. "ಆಧಾರ ಅದನೋ ಇಲ್ಲೋ ನೋಡಬ್ಯಾಡ, ಜಬರದಸ್ತಿ ಕೂಡಿಸು ಅಂತ ಹೇಳೋ ಹಾದೀನೂ ಅದ ರಾಯರ. ಆದ್ರ ಹಂಗ ಮಾಡಿದವ್ರೆಲ್ಲ ಅತ್ತಾರ ಇಲ್ಲಿ. ನಾ ಅಂತೂ ಮಾಡ್ರಿ ಅನ್ನಂಗಿಲ್ಲ." ಬೇಡವೆಂದರೂ ರಾಯರು ಆ ಸಾಲನ್ನು ಬರೆದುಕೊಂಡು ಬಂದರು. ನಾಲ್ಕು ತಿಂಗಳ ಆಯಾಸದಿಂದ ಅವರೊಳಗಿನ ಜಾಗರೂಕ ಓದುಗ ಸೋತಿದ್ದ. ಒತ್ತಿದರು. ಯಂತ್ರ ಯಾವ ತಕರಾರನ್ನೂ ಎತ್ತದೆ ಎಲ್ಲವನ್ನೂ ನುಂಗಿತು. ರಾಯರು ಕುರ್ಚಿಯಿಂದೆದ್ದು, "ಆತು ಪದ್ಮಾ! ಆತು!" ಎಂದು ಕೂಗಿದರು. ಆರಿಸಿ ಹೊತ್ತಿಸಿದಾಗ ಪರದೆಯ ಮೇಲೆ ಏನೂ ಬರಲಿಲ್ಲ; ಕತ್ತಲೆ, ಎಡಮೂಲೆಯಲ್ಲಿ ಒಂದು ಬಿಳಿ ಗೆರೆ. ಬಲವಂತವಾಗಿ ತುರುಕಿದ್ದು ಮೊದಲಿದ್ದುದನ್ನೂ ಕೆಡಿಸಿತ್ತು.

ಮತ್ತೆ ಮೊದಲ ಸಿ.ಡಿ.ಯಿಂದ. ಕೆಂಪು ಗುರುತುಗಳ ಆ ವೃಕ್ಷವನ್ನು ಬೇರಿನಿಂದ ಮತ್ತೆ ಹತ್ತಬೇಕಾಯಿತು. ಮೊದಲು ಸಿಗದಿದ್ದ ಎರಡನ್ನೂ ಬೇಗಂ ಹೇಗೋ ಹುಡುಕಿಕೊಟ್ಟರು. ಎಲ್ಲವೂ ಬಂದು ಕಡೆಯ ಒಂದು ಕಡತದ ಬಳಿ ಯಂತ್ರ ಮತ್ತೆ ನಿಂತಿತು. ಆ ಕಡತ ರಾಯರ ಬಳಿ ಇದೆ, ಹಾಕಿದ್ದಾರೆ, ಆದರೂ ಇಲ್ಲವೆನ್ನುತ್ತದೆ. ಮೂರು ಸಂಜೆ ಅದೇ ಸಾಲು, ಅದೇ ಉತ್ತರ. ಮೂರನೆಯ ಸಂಜೆ ಅವರು ವಹಿಯನ್ನು ಮಡಚಿ ಹಣೆಗೆ ಕೈಹಚ್ಚಿದರು.

ಗೋಡೆಯ ಕಡೆಯಿಂದ ಅಕ್ಕನ ದನಿ ಬಂತು. "ಆನಂದಾ, ಅದು ಕಡೀಕ ನಾಕು ಅಂತದ. ನೀ ಕೊಡೋದು ಐದು."

ರಾಯರು ತಿರುಗಿ ನೋಡಿದರು. "ಏನಂದಿ ಅಕ್ಕಾ?"

"ಅದು ಬೇಡೋ ಹೆಸರು ನೀ ಓದ್ತೀಯಲ್ಲ, ಕಡೀಕ ಚುಕ್ಕಿ ಇಟ್ಟು ನಾಕು ಅಂತಿ. ನೀ ಹಾಕೋವಾಗ ಚುಕ್ಕಿ ಇಟ್ಟು ಐದು ಅಂತಿ. ಮೂರು ದಿನಾತು ಕೇಳ್ಲಿಕತ್ತು."

"ಐದು ಹೊಸದು ಅಕ್ಕಾ. ಹೊಸದು ಇದ್ರ ಹಳೇದು ಯಾಕ ಬೇಕು?"

"ನಾಕನೇತ್ತ ಹುಡುಗಿ ಕೈಯಾಗ ಐದನೇತ್ತ ಪುಸ್ತಕ ಕೊಟ್ರ ಪಾಠ ಆಗ್ತದೇನು? ಅದು ಏನು ಬೇಡ್ತದೋ ಅದನ್ನ ಕೊಡು."

ಮರುದಿನ ಚಿತಾಪುರದಲ್ಲಿ ಹಳೆಯ ನಾಲ್ಕನೆಯ ಆವೃತ್ತಿ ಸಿಕ್ಕಿತು. ರಶೀದಾಬೇಗಂ ವಿಷಯ ಕೇಳಿ, "ಯಾ ಅಲ್ಲಾ, ಕಣ್ಣಿದ್ದ ನಾವಿಬ್ಬರೂ ನೋಡಲಿಲ್ಲ," ಎಂದು ಬಾಯಮೇಲೆ ಕೈಯಿಟ್ಟರು. ರಾಯರಿಗೆ ಅಂದು ಅಕ್ಕನ ಜಾಣತನದ ಹೆಮ್ಮೆಯೊಂದೇ ಹೆಮ್ಮೆ; ರೈಲಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದರು. ಐದು ತಿಂಗಳ ಕಾಲ ಆಕೆ ಅರ್ಥವಿಲ್ಲದ ಆ ಅಕ್ಷರಗಳನ್ನು ಒಂದೂ ಬಿಡದೆ ಏಕೆ ಆಲಿಸುತ್ತಿದ್ದಳು, ತಮ್ಮನ ದನಿಯಲ್ಲಿ ಬಂದದ್ದು ಯಾವುದಾದರೂ ಆಕೆಗೆ ಸಾಕಾಗಿತ್ತೇ, ಎಂಬ ಪ್ರಶ್ನೆ ಅವರಿಗೆ ಅಂದು ಬರಲಿಲ್ಲ. ಬಂದಿದ್ದರೆ ಮುಂದಿನ ಮೂರು ವರ್ಷ ಬೇರೆಯಾಗುತ್ತಿದ್ದವು.

ಸಂಕ್ರಾಂತಿಯ ಹಿಂದಿನ ದಿನ ಯಂತ್ರ ಮಾತಾಡಿತು. ರಾಯರು "ಅಕ್ಕಾ, ನಮಸ್ಕಾರ" ಎಂದು ಬೆರಳಚ್ಚಿಸಿ ಕೀಲಿ ಒತ್ತಿದರೆ, ಡಬ್ಬಿಯೊಳಗಿನಿಂದ ಬಂದಂತೆ, ಏರಿಳಿತವಿಲ್ಲದ ಗಂಡುದನಿಯೊಂದು "ಅಕ್ ಕಾ ನಮಸ್ ಕಾರ" ಎಂದಿತು. ಪದ್ಮಜಾಬಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನರ್ಮದಾಬಾಯಿ ನಕ್ಕಳು, ಕೈ ಚಾಚಿ ತಮ್ಮನ ತಲೆಯನ್ನು ಹುಡುಕಿ ತಡವಿದಳು. "ಭಾಳ ಚಲೋ ಆತು ಆನಂದಾ. ಭಾಳ ಕಷ್ಟಪಟ್ಟಿ. ಇನ್ನ ನಿನಗ ಬಿಡುಗಡಿ."

ರಾಯರು ಅದನ್ನು ಆಶೀರ್ವಾದವೆಂದು ಸ್ವೀಕರಿಸಿದರು.

ನಲವತ್ತು ಪುಸ್ತಕಗಳನ್ನು ಯಂತ್ರ ಹಗಲೆಲ್ಲ ಓದಿತು. ಕೀಲಿಯ ಮೇಲೆ ಅಂಟಿಸಿದ ಹತ್ತಿಯ ಉಂಡೆಗಳನ್ನು ತಡವಿ ನರ್ಮದಾಬಾಯಿ ತಾನೇ ಅದನ್ನು ನಡೆಸಲು ಕಲಿತಳು. ಆ ದಪ್ಪ ಕಾದಂಬರಿ ನಲವತ್ತರಲ್ಲಿ ಇರಲಿಲ್ಲ. ಆಕೆ ಅದನ್ನು ಕೇಳಲೂ ಇಲ್ಲ. ಹಗಲು ಓದಿಸಿಕೊಂಡು ದಣಿದಿರುತ್ತಾಳೆಂದು ರಾಯರು ಸಂಜೆ ಪುಸ್ತಕ ಹಿಡಿಯಲಿಲ್ಲ. ಒಂದೆರಡು ಸಲ, "ಓದಲೇನು ಅಕ್ಕಾ?" ಎಂದಿದ್ದುಂಟು, "ಬ್ಯಾಡಪ್ಪಾ, ದಣದು ಬಂದಿರ್ತಿ, ಅದು ಓದ್ತದಲ್ಲ," ಎಂದಳು. ಬೇಡವೆಂದರೆ ಬೇಡವೆಂದೇ ಅರ್ಥವೆಂದು ಅವರು ತಿಳಿದರು. ಅಕ್ಷರವನ್ನು ಬಿಡದೆ ಓದುವವರಿಗೆ ಅಕ್ಷರದಾಚೆಯದು ಕೆಲವೊಮ್ಮೆ ಕಾಣದು. ಮೂರು ವರ್ಷ, ಏಳರಿಂದ ಎಂಟೂಕಾಲಿನ ತನಕ, ಪಡಸಾಲೆಯಲ್ಲಿ ಡಬ್ಬಿಯ ದನಿ ಓದುತ್ತಿತ್ತು. ತಮ್ಮನೋ ಹೊರಗಿನ ಕಟ್ಟೆಯ ಮೇಲೆ ಪೇಪರು ಹಿಡಿದು, ಒಳಗಿನವರಿಗೆ ಅಡಚಣೆಯಾಗಬಾರದೆಂದು ದನಿ ಇಲ್ಲದೆ ಓದುತ್ತಿದ್ದ.

ಎರಡು ಸಾವಿರದ ಒಂಬತ್ತರ ಮಾಘದಲ್ಲಿ, ನಾಲ್ಕು ದಿನದ ಜ್ವರದಲ್ಲಿ ನರ್ಮದಾಬಾಯಿ ತೀರಿಕೊಂಡಳು. ವೈಕುಂಠ ಸಮಾರಾಧನೆಗೆ ಶ್ರೀವಾಣಿ ಹೈದರಾಬಾದಿನಿಂದ ಬಂದಿದ್ದಳು. ಊಟ ಮುಗಿದು ಮನೆ ಖಾಲಿಯಾದ ಮೇಲೆ, ಆ ಯಂತ್ರದ ಮುಂದೆ ನಿಂತು, ಸಮಾಧಾನಕ್ಕೆಂದೇ ಅವಳು ಆಡಿದ ಮಾತು ಇದು: "ಟೀಚರ್ ಫೋನಿನ್ಯಾಗ ನಿಮ್ಮ ಬಗ್ಗೆ ಭಾಳ ಹೇಳ್ತಿದ್ರು ಮಾಮಾ. 'ದಿನಾ ದಣದು ಬಂದು ಓದಿ ಓದಿ ಆನಂದಗ ಬ್ಯಾಸರಾಗಿತ್ತವ್ವಾ, ಪಾಪ, ಬಾಯಿಬಿಟ್ಟು ಹೇಳಲಿಲ್ಲ. ಅದಕ್ಕ ಅಷ್ಟು ಹಟ ಹಿಡದು ಆ ಮಷೀನು ಮಾಡಿದ. ನಾನೂ ಓದು ಅಂತ ಮತ್ತ ಕಾಡಲಿಲ್ಲ, ಅವನೂ ಹಗುರಾದ,' ಹಿಂಗಂತಿದ್ರು."

ರಾಯರು ಹೆಂಡತಿಯ ಕಡೆ ನೋಡಿದರು. ಪದ್ಮಜಾಬಾಯಿ ನೆಲ ನೋಡುತ್ತ ಹೇಳಿದರು: "ನನ್ನ ಮುಂದೂ ಅಂದಿದ್ರು. ಅವನಿಗೆ ಹೇಳಬ್ಯಾಡ, ಮನಸಿಗೆ ಹಚ್ಕೊಂತಾನ ಅಂತ ಆಣಿ ಹಾಕಿದ್ರು. ನಾನೂ… ಖರೇನೇ ಇರಬೇಕು ಅನ್ಕೊಂಡಿದ್ದೆ."

ಇದನ್ನು ರಾಯರು ನನಗೆ ಹೇಳಿದ್ದು ವಾಡಿಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ತಡವಾಗಿದ್ದ ಗಾಡಿಯನ್ನು ಕಾಯುತ್ತ. ಹೇಳುವಾಗ ಕೋಟಿನ ಗುಂಡಿಯೊಂದನ್ನು ಹಾಕುವುದು, ಬಿಚ್ಚುವುದು ಮಾಡುತ್ತಿದ್ದರು. "ಬ್ಯಾಸರ ಅಂದ್ರೇನ್ರಿ? ಆ ಒಂದು ತಾಸಿಗಾಗಿ ನಾ ಹಗಲೆಲ್ಲ ಗೇಟಿನ ಮ್ಯಾಲ ನಿಂದಿರ್ತಿದ್ದೆ. ಆ ಮಷೀನು ಒಂದೊಂದಕ್ಕೂ, ನನಗ ಇದಿಲ್ಲ, ಇದನ್ನ ತಾ, ಅಂತ ಹೆಸರು ಹಿಡದು ಹೇಳ್ತಿತ್ತು. ನಾ ತಂದುಕೊಟ್ಟೆ. ಮಗ್ಗಲಾಗ ಕುಂತಾಕಿಗೆ ಏನಿಲ್ಲ ಅಂತ ಆಕಿ ಹೇಳಲಿಲ್ಲ. ನನಗರೆ ಕೇಳಬೇಕು ಅನಸಬೇಕಿತ್ತಲ್ಲ?" ಆ ಐದು ತಿಂಗಳು ಅವರ ವಹಿಯನ್ನು ಮೆಚ್ಚಿ ತಲೆದೂಗಿದವರಲ್ಲಿ ನಾನೂ ಒಬ್ಬ.

ಶ್ರೀವಾಣಿ ಮುಂದೆ ತನ್ನ ಸಂಸ್ಥೆಗಾಗಿ ಪುಸ್ತಕ ಓದಿ ಧ್ವನಿಮುದ್ರಿಸಿಕೊಡಿರೆಂದು ಅವರನ್ನು ಕರೆದಳು. ಹೋದರು. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಎರಡು ಪುಟ ಓದಿ, ಮೂರನೆಯದರಲ್ಲಿ ಶಕಾರವೊಂದು ತಪ್ಪಿ, ಯಾರೂ ತಡೆಯಲಿಲ್ಲವಾಗಿ ನಿಂತರು. ಮುಂದೆ ಆಗಲಿಲ್ಲ, ಎದ್ದು ಬಂದರು.

ಆದರೆ ಯಂತ್ರದ ಸುದ್ದಿ ಹಬ್ಬಿತ್ತು. ಅದೇ ವರ್ಷ ಚಿಂಚೋಳಿ ತಾಲೂಕಿನ ಐನಾಪುರದಿಂದ ಸುನಿತಾ ಎಂಬ ಹೆಣ್ಣುಮಗಳು ಹುಡುಕಿಕೊಂಡು ಬಂದಳು. ಮಾವ ಅಂಬರಾಯ ಟಪಾಲಿನವನಾಗಿ ನಿವೃತ್ತನಾದವನು, ಸಕ್ಕರೆ ರೋಗದಿಂದ ಕಣ್ಣು ಹೋಗಿದೆ, ತಾನೇ ದಿನಾ ಓದಿ ಹೇಳುತ್ತೇನೆ, ಅವನಿಗೊಂದು ಯಂತ್ರ ಕೂಡಿಸಿಕೊಡಿರೆಂದಳು. ನೀನು ಓದುವವಳಿದ್ದರೆ ಯಂತ್ರ ಬೇಡವೆಂದು ರಾಯರು ಮೊದಲು ಖಡಾಖಂಡಿತ ಹೇಳಿಬಿಟ್ಟರು. ಆಮೇಲೆ ತಾವೇ ಒಂದು ಭಾನುವಾರ ಐನಾಪುರಕ್ಕೆ ಹೋಗಿ, ಸೊಸೆಯನ್ನು ಹೊರಗೆ ಕಳಿಸಿ, ಮುದುಕನ ಮುಂದೆ ಕುಳಿತು ಕೇಳಿದರು: "ಖರೇ ಹೇಳ್ರಿ ಅಂಬರಾಯ. ಮಷೀನು ಓದಬೇಕೋ, ಸೊಸಿ ಓದಬೇಕೋ? ಯಾರಿಗೂ ಹೇಳಂಗಿಲ್ಲ ನಾ."

ಅಂಬರಾಯ ದನಿ ತಗ್ಗಿಸಿದ. "ಮಷೀನೇ ಬೇಕ್ರಿ ಸಾಹೇಬ್ರ. ಸೊಸಿ ಚಲೋ ಓದ್ತಾಳ, ಆದ್ರ ದಿನಾ ಬರೇ ಪುರಾಣ. ನನಗ ಪತ್ತೇದಾರಿ ಕಥಿ ಬೇಕು. ಆಕಿ ಮುಂದ ಹ್ಯಾಂಗ ಕೇಳಲಿ?"

ರಾಯರು ಬಹಳ ದಿನಗಳ ಮೇಲೆ ಅಂದು ನಕ್ಕರಂತೆ. ಎರಡು ರಜೆಯ ದಿನಗಳಲ್ಲಿ, ಹಳೆಯ ವಹಿಯನ್ನು ಮುಂದಿಟ್ಟುಕೊಂಡು, ಒಂದೂ ತಪ್ಪದೆ ಎಲ್ಲವನ್ನೂ ಕೂಡಿಸಿಕೊಟ್ಟರು. ಮುದುಕನನ್ನು ಕೇಳಲು ಹಿಡಿದದ್ದು ಒಂದು ನಿಮಿಷ; ಅಕ್ಕನನ್ನು ಹಾಗೆ ಎದುರು ಕೂತು ಅವರು ಕೇಳಿರಲಿಲ್ಲ.

ಇಂಥವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರ ಪ್ರೀತಿಗೆ ಮಾತು ಬಾರದು, ಕೈ ಮಾತ್ರ ಬರುತ್ತದೆ. ಪ್ರಿಯರಾದವರಿಗೆ ಒಂದು ಕೊರತೆಯಿದೆಯೆಂದು ಕಂಡರೆ ಸಾಕು, ಅದನ್ನು ನೀಗಲು ಅವರು ಊರೂರು ಅಲೆಯುತ್ತಾರೆ, ಬಾರದ ವಿದ್ಯೆಯನ್ನು ಐವತ್ತರ ಮೇಲೆ ಕಲಿಯುತ್ತಾರೆ, ಸೋತು ಮತ್ತೆ ಮೊದಲಿನಿಂದ ತೊಡಗುತ್ತಾರೆ. ಹಾಗೆ ದುಡಿಯುವಾಗ ಆ ಪ್ರಿಯರಿಗೆ ಬೆನ್ನು ತಿರುಗಿಸಿ ಕುಳಿತಿರುವುದು ಅವರಿಗೆ ತಿಳಿಯುವುದೇ ಇಲ್ಲ. ಬೆನ್ನ ಹಿಂದೆ ಕುಳಿತವರೂ ಅದೇ ಕುಲದವರು: ಬೇಕೆಂದರೆ ಹೊರೆಯಾದೇನೆಂದು ಬೇಡವೆನ್ನುವವರು. ಇಬ್ಬರಲ್ಲಿ ಯಾರನ್ನು ದೂರೋಣ? ದೋಷವೆಂದು ಎತ್ತಿ ತೋರಿಸಲು ಅಲ್ಲಿ ಒಂದು ಕಠಿಣ ಮಾತೂ ಸಿಗುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹಗುರಾಗಿಸುತ್ತ ಹಗುರಾಗಿಸುತ್ತ, ನಡುವೆ ಇದ್ದ ಒಂದೇ ಒಂದು ಸುಖವನ್ನು ಇಳಿಸಿಬಿಟ್ಟಿರುತ್ತಾರೆ. ಅದು ತಿಳಿಯುವ ಹೊತ್ತಿಗೆ ಹೇಳಬೇಕಾದವರಲ್ಲಿ ಒಬ್ಬರು ಹೋಗಿರುತ್ತಾರೆ. ಉಳಿದವರಿಗೆ ಮಾತು ಆಗ ಬರುತ್ತದೆ.